ಮಾನಿಟರ್‌ಗೂ ಒಂದು ಒರೆಗಲ್ಲು ಬೇಕು

ಬಂಗಾರಪೇಟೆಯ ಯಾವುದೇ ಮ್ಯಾಚಿಂಗ್ ಸೆಂಟರ್ ಮುಂದೆ ಅರ್ಧ ಗಂಟೆ ನಿಂತರೆ ಸಾಕು, ಬಣ್ಣದ ವಿಜ್ಞಾನದ ಮೊದಲ ಪಾಠ ಕಣ್ಣೆದುರೇ ನಡೆಯುತ್ತದೆ. ಸೀರೆ ಹಿಡಿದು ಬಂದ ಹೆಂಗಸು ಬ್ಲೌಸ್ ಪೀಸ್ ಕೇಳುತ್ತಾಳೆ. ಅಂಗಡಿಯವನು ಒಂದರ ಮೇಲೊಂದು ಹತ್ತು ಬಗೆಯ ಮೆರೂನ್ ಬಿಚ್ಚಿ ಹಾಕುತ್ತಾನೆ. ಆಕೆ ಅವನ ಮಾತನ್ನು ನಂಬುವುದಿಲ್ಲ, ಅಂಗಡಿಯ ದೀಪವನ್ನಂತೂ ನಂಬುವುದೇ ಇಲ್ಲ. ಒಂದು ತುಂಡನ್ನು ಸೆರಗಿನ ಮೇಲಿಟ್ಟುಕೊಂಡು ಬಾಗಿಲಾಚೆ ಬಿಸಿಲಿಗೆ ಬರುತ್ತಾಳೆ. ಟ್ಯೂಬ್‌ಲೈಟಿನಡಿ ಅಚ್ಚು ಒಂದೇ ಎನಿಸಿದ್ದ ಎರಡು ಮೆರೂನ್‌ಗಳಲ್ಲಿ ಒಂದು ಹಗಲಬೆಳಕಿನಲ್ಲಿ ಕಂದಿಗೆ ತಿರುಗುತ್ತದೆ. ‘ಇದಲ್ಲ, ಇನ್ನೊಂದು ಕೊಡಿ’ ಎಂದು ಒಳಗೆ ಹೋಗುತ್ತಾಳೆ.

ಆಕೆ ಮಾಡಿದ್ದು ಎರಡೇ ಕೆಲಸ. ಬಣ್ಣವನ್ನು ನೆನಪಿನಿಂದ ತೀರ್ಮಾನಿಸದೆ ಮಾದರಿಯ ಪಕ್ಕ ಇಟ್ಟು ನೋಡಿದಳು. ನಂಬಬಹುದಾದ ಬೆಳಕಿನಲ್ಲಿ ನೋಡಿದಳು. ಆ ಬ್ಲೌಸ್ ತೊಟ್ಟು, ಆ ಸೀರೆ ಉಟ್ಟು ಮದುವೆಯಲ್ಲಿ ನಿಂತಾಗ ತೆಗೆದ ಫೋಟೊಗಳು ಹೋಗಿ ಬೀಳುವ ಜಾಗದಲ್ಲಿ ಮಾತ್ರ ಈ ಎರಡೂ ಶಿಸ್ತು ಕಾಣೆ.

ಬೇತಮಂಗಲದಂಥ ಹೋಬಳಿ ಊರಿನ ಸ್ಟುಡಿಯೊ ಹೇಗಿರುತ್ತದೆ ಎಂಬುದು ಆ ಕಡೆಯವರಿಗೆಲ್ಲ ಗೊತ್ತು. ಮುಂದೆ ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಷನ್, ಜೆರಾಕ್ಸ್. ಹಿಂದೆ ಕರ್ಟನ್ ಎಳೆದ ಕೋಣೆ, ಗಿಳಿಹಸಿರೋ ಗುಲಾಬಿಯೋ ಬಳಿದ ಗೋಡೆ, ಆ ಗೋಡೆಗೆ ಆನಿಸಿದ ಮೇಜು, ಮೇಜಿನ ಮೇಲೆ ಮಾನಿಟರ್. ಕ್ಯಾಮೆರಾಗೆ ಲಕ್ಷ ಸುರಿದಿರುತ್ತಾರೆ, ಡ್ರೋನ್ ಕೂಡ ಬಂದಿದೆ. ಮಾನಿಟರ್ ಮಾತ್ರ ಸಿಸ್ಟಂ ಜೊತೆಗೆ ಬಂದದ್ದು. ಅದರ ಮುಂದೆ ಕೂತು ಡಿಸೈನರ್ ಹುಡುಗ ಐನೂರು ಫೋಟೊಗಳಿಗೆ ‘ಕಲರ್ ಕರೆಕ್ಷನ್’ ಮಾಡುತ್ತಾನೆ. ಫೈಲ್ ಬೆಂಗಳೂರಿನ ಲ್ಯಾಬಿಗೆ ಹೋಗಿ ಕರಿಷ್ಮಾ ಆಲ್ಬಂ ಆಗಿ ಮರಳಿದಾಗ ಮದುಮಗಳ ಮೆರೂನ್ ಸೀರೆ ಇಟ್ಟಿಗೆ ಬಣ್ಣಕ್ಕೆ ಇಳಿದಿರುತ್ತದೆ. ಊಟದ ಪಂಕ್ತಿಯಲ್ಲಿ ಕೂತ ನೆಂಟರೆಲ್ಲ ಆಗಷ್ಟೇ ಅರಿಶಿನ ಶಾಸ್ತ್ರ ಮುಗಿಸಿ ಬಂದವರ ಹಾಗೆ ಕಾಣುತ್ತಾರೆ. ಬೈಗುಳ ತಿನ್ನುವುದು ಲ್ಯಾಬು. ಲ್ಯಾಬಿನವರು ‘ನೀವು ಕಳಿಸಿದ್ದನ್ನೇ ಪ್ರಿಂಟ್ ಹಾಕಿದ್ದೇವೆ’ ಅನ್ನುತ್ತಾರೆ. ಅನೇಕ ಸಲ ಅವರು ಹೇಳುವುದು ನಿಜ.

ತಪ್ಪು ಮಾಡಿದ ಮಾನಿಟರ್ ಏನೂ ಅರಿಯದ ಹಾಗೆ ಹೊಳೆಯುತ್ತ ಕೂತಿರುತ್ತದೆ.

ಕಂಪನಿಯಿಂದ ಬಂದ ಮಾನಿಟರ್‌ಗಳಲ್ಲಿ ಬಹಳಷ್ಟು ಸ್ವಲ್ಪ ನೀಲಿಗೆ ವಾಲಿರುತ್ತವೆ. ಬಿಳಿ ಪಂಚೆ ಇನ್ನಷ್ಟು ಬೆಳ್ಳಗೆ ಕಾಣಲೆಂದು ಕೊನೆಯ ನೀರಿಗೆ ನೀಲಿ ಹಾಕುವ ಉಪಾಯವೇ ಇದು: ನಸುನೀಲಿ ಬಿಳುಪು ಕಣ್ಣಿಗೆ ಹೆಚ್ಚು ಬಿಳಿಯೆನಿಸುತ್ತದೆ, ಅಂಗಡಿಯಲ್ಲಿ ಪೆಟ್ಟಿಗೆ ಬೇಗ ಮಾರಾಟವಾಗುತ್ತದೆ. ಟಿವಿ ಅಂಗಡಿಯಲ್ಲಿ ಸಾಲಾಗಿ ನಿಲ್ಲಿಸಿದ ಸೆಟ್‌ಗಳೆಲ್ಲ ‘ವಿವಿಡ್’ ಮೋಡ್‌ನಲ್ಲೇ ಉರಿಯುವುದೂ ಇದಕ್ಕೇ. ನೀಲಿ ಮಾನಿಟರ್ ಮುಂದೆ ಕೂತವನಿಗೆ ಫೋಟೊ ತಣ್ಣಗೆ, ಪೇಲವವಾಗಿ ಕಾಣುತ್ತದೆ. ಅವನು ಹಳದಿ ಸೇರಿಸುತ್ತಾನೆ, ಕೆಂಪು ಏರಿಸುತ್ತಾನೆ. ಅವನ ಪರದೆಯ ಮೇಲೆ ಎಲ್ಲವೂ ಸರಿ, ಹಾಳೆಯ ಮೇಲೆ ಎಲ್ಲವೂ ಅರಿಶಿನ. ಬೆಳಕಿನ ಕಥೆಯೂ ಹೀಗೇ. ಪರದೆ ಅತಿಯಾಗಿ ಬೆಳಗುತ್ತಿದ್ದರೆ ಫೋಟೊ ಸಾಕಷ್ಟು ಬೆಳಕಾಗಿದೆ ಅನಿಸಿ ಆಪರೇಟರ್ ಅದನ್ನು ತಗ್ಗಿಸುತ್ತಾನೆ. ‘ಪ್ರಿಂಟ್ ಕಪ್ಪಗೆ ಬರುತ್ತದೆ’ ಎಂಬ ದೂರು ಬೇತಮಂಗಲದಿಂದ ಬರ್ಲಿನ್‌ವರೆಗೆ ಎಲ್ಲ ಫೋಟೊಗ್ರಾಫರ್‌ಗಳ ಬಾಯಲ್ಲೂ ಇದೆ. ಅದರ ಮೂಲ ಹೆಚ್ಚಿನ ಸಲ ಇಷ್ಟೇ.

ಕಣ್ಣಿದ್ದವನಿಗೆ ಇದೆಲ್ಲ ಗೊತ್ತಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಗೊತ್ತಾಗುವುದಿಲ್ಲ. ಕಣ್ಣು ಹೋಲಿಕೆಯಲ್ಲಿ ಗಟ್ಟಿಗ, ಅಳತೆಯಲ್ಲಿ ಬಹಳ ಸಡಿಲ. ನೀಲಿ ಪರದೆಯನ್ನೇ ಹತ್ತು ನಿಮಿಷ ನೋಡಿದರೆ ಮಿದುಳು ಅದನ್ನೇ ಬಿಳಿಯೆಂದು ಒಪ್ಪಿಕೊಳ್ಳುತ್ತದೆ. 2015ರ ಫೆಬ್ರವರಿಯಲ್ಲಿ ಒಂದು ಉಡುಪಿನ ಫೋಟೊ ಜಗತ್ತನ್ನೇ ಎರಡು ಪಂಗಡ ಮಾಡಿತ್ತು. ಕೆಲವರಿಗೆ ಅದು ನೀಲಿ-ಕಪ್ಪು, ಕೆಲವರಿಗೆ ಬಿಳಿ-ಬಂಗಾರ. ಒಂದೇ ಫೋನನ್ನು ಗಂಡ-ಹೆಂಡತಿ ಒಟ್ಟಿಗೆ ನೋಡಿ ಜಗಳವಾಡಿದರು. ಉಡುಪು ನಿಜವಾಗಿ ನೀಲಿ-ಕಪ್ಪಿನದು. ಯಾವ ಬೆಳಕಿನಲ್ಲಿ ತೆಗೆದ ಫೋಟೊ ಎಂಬುದನ್ನು ಪ್ರತಿ ಮಿದುಳೂ ತನ್ನದೇ ರೀತಿಯಲ್ಲಿ ಊಹಿಸಿತ್ತು, ಅಷ್ಟೆ. ನಮ್ಮ ಬೆಂಗಳೂರಿನ ಸರ್ ಸಿ.ವಿ. ರಾಮನ್ ಕೂಡ ಕೊನೆಯ ವರ್ಷಗಳಲ್ಲಿ ಇದೇ ಒಗಟಿನ ಬೆನ್ನು ಹತ್ತಿದ್ದರು. ಹೂವಿನ ಬಣ್ಣಗಳನ್ನು ನೋಡುತ್ತ, ಕಣ್ಣಿನ ಕೆಲಸವನ್ನು ಪರೀಕ್ಷಿಸುತ್ತ 1968ರಲ್ಲಿ ದೃಷ್ಟಿಯ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಮೂರು ಮೂಲಬಣ್ಣಗಳ ಸಿದ್ಧಾಂತವನ್ನು ಅವರು ಒಪ್ಪಲಿಲ್ಲ, ವಿಜ್ಞಾನಲೋಕ ಅವರ ವಾದವನ್ನು ಒಪ್ಪಲಿಲ್ಲ. ಆದರೂ ನೊಬೆಲ್ ಪಡೆದ ಮನುಷ್ಯನೊಬ್ಬ ಎಪ್ಪತ್ತು ದಾಟಿದ ಮೇಲೆ ‘ಬಣ್ಣ ಕಾಣುವುದು ಹೇಗೆ’ ಎಂದು ಗುಲಾಬಿ ಹಿಡಿದು ಕೂತರೆಂದರೆ ಅದು ಸರಳ ವಿಷಯವಲ್ಲ.

ಬಣ್ಣವನ್ನು ಮಾದರಿಯ ಪಕ್ಕ ಇಟ್ಟೇ ಅಳೆಯಬೇಕೆಂದು ಚಿನ್ನದ ಗಣಿಯ ನಾಡಿಗೆ ಹೊಸದಾಗಿ ಹೇಳಿಕೊಡಬೇಕಿಲ್ಲ. ಬೇತಮಂಗಲ ಹಳೆಯ ಊರು. ಶಾಸನಗಳ ಕಾಲದಲ್ಲಿ ಅದರ ಹೆಸರು ವಿಜಯಾದಿತ್ಯಮಂಗಲ. ಪಾಲಾರ್ ಹೊಳೆಯ ನೀರು ನಿಲ್ಲುವ ಅಲ್ಲಿನ ಕೆರೆಯೇ ಕೆ.ಜಿ.ಎಫ್. ಗಣಿ ಕಾಲೊನಿಗಳಿಗೆ ಕುಡಿಯುವ ನೀರು ಕೊಟ್ಟದ್ದು. ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು, ಆದರೆ ಚಿನಿವಾರರ ಅಂಗಡಿ ಮುಚ್ಚಲಿಲ್ಲ. ಆ ಅಂಗಡಿಯಲ್ಲಿ ಒಡವೆ ಅಡವಿಡಲು ಹೋದವರು ನೋಡಿರುತ್ತಾರೆ: ಒಡವೆಯನ್ನು ಒರೆಗಲ್ಲಿಗೆ ಉಜ್ಜಿ ಒಂದು ಗೆರೆ ಎಳೆಯುತ್ತಾರೆ, ಪಕ್ಕದಲ್ಲೇ ಶುದ್ಧತೆ ಗೊತ್ತಿರುವ ಚಿನ್ನದ ಇನ್ನೊಂದು ಗೆರೆ. ಎರಡು ಗೆರೆಯ ಬಣ್ಣ ನೋಡಿ, ಅವುಗಳ ಮೇಲೆ ಆಸಿಡ್ ಹನಿ ಬಿಟ್ಟು ಗುಣ ಹೇಳುತ್ತಾರೆ. ಹಿಂದೆ ಚಿನ್ನದ ಶುದ್ಧತೆಗೆ ‘ಬಣ್ಣ’ ಎಂದೇ ಹೆಸರಿತ್ತು. ಹದಿನಾರು ಬಣ್ಣದ ಚಿನ್ನವೆಂದರೆ ಅಪ್ಪಟ. ಎಷ್ಟೇ ಅನುಭವಿಯಾದ ಚಿನಿವಾರನೂ ಪಕ್ಕದ ಗೆರೆಯಿಲ್ಲದೆ ಬರಿಗಣ್ಣಲ್ಲಿ ಬೆಲೆ ಕಟ್ಟುವುದಿಲ್ಲ. ಮಾನಿಟರ್ ಕ್ಯಾಲಿಬ್ರೇಷನ್ ಎಂದರೆ ಆ ಪಕ್ಕದ ಗೆರೆ.

ಅದರ ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು, ಸರಿಸುಮಾರು ಒಂದು ಮೌಸ್ ಗಾತ್ರದ್ದು. ಹೆಸರು ಕಲರಿಮೀಟರ್. ಸ್ಪೈಡರ್, ಕ್ಯಾಲಿಬ್ರೈಟ್ ಎಂಬ ಬ್ರಾಂಡ್‌ಗಳು ಹೆಚ್ಚು ಬಳಕೆಯಲ್ಲಿವೆ. ಮಾನಿಟರನ್ನು ಅರ್ಧ ಗಂಟೆ ಮೊದಲೇ ಆನ್ ಮಾಡಿ ಬಿಸಿಯಾಗಲು ಬಿಡಬೇಕು. ಆಮೇಲೆ ಪರದೆಯ ಬೆನ್ನಿನ ಕಡೆಗೆ ಒಂದು ಪುಟ್ಟ ತೂಕ ಇಳಿಬಿಟ್ಟು, ಮುಂದೆ ನಡುಭಾಗಕ್ಕೆ ಒತ್ತಿ ಕೂರುವಂತೆ ಯಂತ್ರವನ್ನು ನೇತುಹಾಕುತ್ತಾರೆ. ತಂತಿ ಯುಎಸ್‌ಬಿಗೆ. ಪರದೆಯ ಮೇಲೆ ಒಂದೊಂದಾಗಿ ಚೌಕಗಳು ಬರುತ್ತವೆ: ಕೆಂಪು, ಹಸಿರು, ನೀಲಿ, ಆಮೇಲೆ ಕಪ್ಪಿನಿಂದ ಬಿಳಿಯವರೆಗೆ ಬೂದುಗಳ ಮೆಟ್ಟಿಲು. ಇಂಥ ಕೆಂಪು ತೋರಿಸು ಎಂದು ಕಂಪ್ಯೂಟರ್ ಹೇಳಿದ್ದೇನು, ಪರದೆ ತೋರಿಸಿದ್ದೇನು, ಎರಡರ ನಡುವಿನ ತಪ್ಪೆಷ್ಟು ಎಂದು ಯಂತ್ರ ಬರೆದುಕೊಳ್ಳುತ್ತ ಹೋಗುತ್ತದೆ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿಯುತ್ತದೆ.

ಇಲ್ಲಿ ನಡೆಯುವುದು ಎರಡು ಬೇರೆ ಕೆಲಸ. ಮೊದಲನೆಯದು ಪರದೆಯನ್ನು ಹದಕ್ಕೆ ತರುವುದು. ಎರಡನೆಯದು ಹದಕ್ಕೆ ಬಂದ ಮೇಲೂ ಉಳಿದ ಅದರ ಗುಣದೋಷಗಳ ಜಾತಕ ಬರೆಯುವುದು. ಆ ಜಾತಕಕ್ಕೆ ಐಸಿಸಿ ಪ್ರೊಫೈಲ್ ಎನ್ನುತ್ತಾರೆ. ಕ್ರಿಕೆಟ್ಟಿನ ಐಸಿಸಿ ಅಲ್ಲ, 1993ರಲ್ಲಿ ಕಂಪ್ಯೂಟರ್ ಮತ್ತು ಫೋಟೊ ಕಂಪನಿಗಳು ಕೂಡಿ ಕಟ್ಟಿದ ಇಂಟರ್‌ನ್ಯಾಷನಲ್ ಕಲರ್ ಕನ್ಸಾರ್ಷಿಯಂ. ಫೋಟೊಶಾಪ್ ಆ ಜಾತಕ ಓದಿ, ‘ಈ ಪರದೆ ಹಸಿರನ್ನು ಇಷ್ಟು ಹೆಚ್ಚು ತೋರಿಸುತ್ತದೆ’ ಎಂದು ತಿಳಿದು ಅಷ್ಟನ್ನು ಕಳೆದು ತೋರಿಸುತ್ತದೆ.

ಯಂತ್ರ ಕೇಳುವ ಪ್ರಶ್ನೆಗಳು ಮೊದಲ ಸಲ ಗಾಬರಿ ಹುಟ್ಟಿಸಬಹುದು. ‘ವೈಟ್ ಪಾಯಿಂಟ್’ ಎಂಬಲ್ಲಿ 6500 ಕೆಲ್ವಿನ್ ಎಂದಿರುತ್ತದೆ. ಕುಲುಮೆಯಲ್ಲಿ ಕಾಯುವ ಕಬ್ಬಿಣ ಮೊದಲು ಕೆಂಪಾಗಿ, ಹಳದಿಯಾಗಿ, ಬೆಳ್ಳಗಾಗುವುದನ್ನು ಕಂಡವರಿಗೆ ಇದು ಕಷ್ಟವಲ್ಲ. ಕೆಲ್ವಿನ್ ಏರಿದಷ್ಟೂ ಬೆಳಕು ನೀಲಿಯ ಕಡೆಗೆ. 6500 ಎಂದರೆ ಹೆಚ್ಚುಕಡಿಮೆ ಮಧ್ಯಾಹ್ನದ ಹಗಲಬೆಳಕು. ಹಳೆಯ ಡಬ್ಬಾ ಮಾನಿಟರ್‌ಗಳು 9300ಕ್ಕೆ ಹೊಂದಿಸಿ ಬರುತ್ತಿದ್ದವು, ಬಿಳಿಗೆ ನೀಲಿ ಹಾಕಿದ ಲೆಕ್ಕ. ನಡುವಿನ ಬೂದುಗಳ ಬೆಳಕನ್ನು ಗೊತ್ತುಮಾಡುವ ಗಾಮಾ 2.2 ಇರಲಿ. ಬೆಳಕು ಮಾತ್ರ ಎಲ್ಲರೂ ಎಡವುವ ಜಾಗ: ಹೊಸ ಮಾನಿಟರ್ ಪೂರ್ತಿ ಏರಿಸಿದರೆ ಚದರ ಮೀಟರಿಗೆ 250-300 ಕ್ಯಾಂಡೆಲಾ ಬೆಳಗುತ್ತದೆ, ಪ್ರಿಂಟ್ ಕೆಲಸಕ್ಕೆ 100ರಿಂದ 120 ಸಾಕು. ಅರ್ಧಕ್ಕೂ ಕೆಳಗೆ ಇಳಿಸಬೇಕು. ಇಳಿಸಿದ ದಿನ ಕರೆಂಟ್ ಡಿಮ್ ಆದ ಹಾಗೆ ಅನಿಸುತ್ತದೆ, ಎರಡು ದಿನದಲ್ಲಿ ಕಣ್ಣು ಒಗ್ಗಿಕೊಳ್ಳುತ್ತದೆ.

ಈ ಅಳತೆಗಳ ಬುಡದಲ್ಲಿ ಏನಿದೆ ಎಂದು ನೋಡಿದರೆ ಇನ್ನೊಂದು ತಮಾಷೆ. ಜಗತ್ತಿನ ಬಣ್ಣದ ಲೆಕ್ಕವೆಲ್ಲ ನಿಂತಿರುವುದು 1931ರಲ್ಲಿ ಒಪ್ಪಿಕೊಂಡ ‘ಸ್ಟಾಂಡರ್ಡ್ ಅಬ್ಸರ್ವರ್’ ಎಂಬ ಕಲ್ಪಿತ ಮನುಷ್ಯನ ಮೇಲೆ. ಅವನ ಕಣ್ಣನ್ನು ಕಟ್ಟಿದ್ದು ಇಂಗ್ಲೆಂಡಿನಲ್ಲಿ ರೈಟ್ ಮತ್ತು ಗಿಲ್ಡ್ ಎಂಬಿಬ್ಬರು ಬೇರೆಬೇರೆಯಾಗಿ ನಡೆಸಿದ ಪ್ರಯೋಗಗಳಿಂದ. ಒಬ್ಬರು ಹತ್ತು ಮಂದಿಯನ್ನು ಪರೀಕ್ಷಿಸಿದ್ದರು, ಇನ್ನೊಬ್ಬರು ಏಳು. ಒಟ್ಟು ಹದಿನೇಳು ಜನ! ಆದರೂ ತೊಂಬತ್ತು ವರ್ಷಗಳಿಂದ ಈ ಅಳತೆ ಕೆಲಸ ಮಾಡುತ್ತಿದೆ. ಎಲ್ಲರೂ ಒಂದೇ ಸೇರು ಬಳಸಿದರೆ ಸಾಕು, ಆ ಸೇರು ಯಾರ ಮನೆಯದು ಎಂಬುದು ವ್ಯಾಪಾರಕ್ಕೆ ಅಡ್ಡಿಯಾಗುವುದಿಲ್ಲ.

ಅಡ್ಡಿಯಾದ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡಬಾರದು. ಫಿಲ್ಮ್ ಕಾಲದಲ್ಲಿ ಕೊಡಾಕ್ ಕಂಪನಿ ಲ್ಯಾಬುಗಳಿಗೆ ಒಂದು ಮಾದರಿ ಫೋಟೊ ಕಳಿಸುತ್ತಿತ್ತು. ಅದರಲ್ಲಿದ್ದದ್ದು ಬಿಳಿಯ ಹೆಣ್ಣುಮಗಳು. ಆ ಕಾರ್ಡಿಗೆ ‘ಶರ್ಲಿ’ ಎಂದೇ ಹೆಸರು ಬಿತ್ತು. ಶರ್ಲಿಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿ ಎಂದು ಲೆಕ್ಕ. ಕಪ್ಪು ಮೈಬಣ್ಣದವರ ಮುಖ ಮಸಿಯಲ್ಲಿ ಅದ್ದಿದಂತೆ ಬಂದರೂ ಯಂತ್ರ ಸರಿಯೇ. ಎಲ್ಲ ಮೈಬಣ್ಣದವರನ್ನೂ ಸೇರಿಸಿದ ಕಾರ್ಡುಗಳು ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ನಮ್ಮ ಸ್ಟುಡಿಯೊಗಳಲ್ಲಿ ಶರ್ಲಿ ಇಲ್ಲ ನಿಜ, ಆದರೆ ‘ಸ್ವಲ್ಪ ಬೆಳ್ಳಗೆ ಮಾಡಿ’ ಎಂಬ ಬೇಡಿಕೆ ಇದೆ. ಎಣ್ಣೆಗಪ್ಪಿನ ಹುಡುಗಿಯನ್ನು ಆಲ್ಬಂನಲ್ಲಿ ಹಾಲುಬಿಳುಪು ಮಾಡಿ ಕೊಡುವುದು ಬಣ್ಣ ತಿದ್ದುವ ಕೆಲಸವಲ್ಲ, ಬಣ್ಣ ಕೆಡಿಸುವ ಕೆಲಸ. ಅಳತೆಗೆ ತಂದ ಮಾನಿಟರ್ ಇದನ್ನು ತಡೆಯಲಾರದು. ಕೆಡಿಸಿದ್ದು ಎಷ್ಟೆಂದು ತೋರಿಸಬಲ್ಲದು.

ಅಳತೆಯೇ ಇಲ್ಲದ ಪರದೆ ಏನು ಮಾಡುತ್ತದೆ ಎಂಬುದಕ್ಕೆ ಕೆ.ಜಿ.ಎಫ್.ನ ಸೈನೈಡ್ ದಿಬ್ಬಗಳ ಗತಿ ನೋಡಿ. ಗಣಿಯಿಂದ ಬಂದ ಕಲ್ಲು ಪುಡಿಮಾಡಿ ಚಿನ್ನ ತೆಗೆದ ಮೇಲೆ ಉಳಿದ ಮಣ್ಣಿನ ಆ ಗುಡ್ಡಗಳು ಈಗ ಸಿನಿಮಾ ಶೂಟಿಂಗ್‌ನ, ಪ್ರೀ-ವೆಡ್ಡಿಂಗ್ ಫೋಟೊಗಳ ಜಾಗ. ಹೋಗಿ ನೋಡಿದವರಿಗೆ ಅವು ಪೇಲವ, ನಸುಬೂದು, ಬಿಸಿಲಲ್ಲಿ ಕಣ್ಣು ಕುಕ್ಕುವಷ್ಟು ಬಿಳಿಚು. 2018ರಲ್ಲಿ ಪ್ರಶಾಂತ್ ನೀಲ್ ಅವರ ಸಿನಿಮಾ ಬಂದಮೇಲೆ ದೇಶಕ್ಕೆಲ್ಲ ಕೆ.ಜಿ.ಎಫ್. ಎಂದರೆ ಮಸಿ ಮತ್ತು ತುಕ್ಕಿನ ಬಣ್ಣ. ಭುವನ್ ಗೌಡ ಅವರ ಕ್ಯಾಮೆರಾ ಬೇಕೆಂದೇ ಕಟ್ಟಿದ ಲೋಕ ಅದು, ಅದಕ್ಕೆ ತಕರಾರಿಲ್ಲ. ತಕರಾರಿರುವುದು ಬೇಕೆಂದಲ್ಲದೆ ಆಗುವುದರ ಬಗ್ಗೆ. ಒಂದು ಸ್ಟುಡಿಯೊದ ಆಲ್ಬಂನಲ್ಲಿ ದಿಬ್ಬ ಕಿತ್ತಳೆ, ಇನ್ನೊಂದರಲ್ಲಿ ಗುಲಾಬಿ, ಮೂರನೆಯದರಲ್ಲಿ ಪಾಚಿ. ಇವರಲ್ಲಿ ಯಾರೂ ಆ ಬಣ್ಣ ಬೇಕೆಂದು ಆರಿಸಿದವರಲ್ಲ. ಮಾನಿಟರ್ ಆರಿಸಿತು.

ಬಣ್ಣಕ್ಕೆ ಅಳತೆ ಗೊತ್ತುಮಾಡುವುದು ನಮ್ಮವರಿಂದ ಆಗದ ಕೆಲಸ ಎನ್ನುವವರು ಹುಬ್ಬಳ್ಳಿಗೆ ಹೋಗಬೇಕು. ಅಲ್ಲಿನ ಬೆಂಗೇರಿಯಲ್ಲಿ 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವಿದೆ. ರಾಷ್ಟ್ರಧ್ವಜ ತಯಾರಿಸಲು 2006ರಲ್ಲಿ ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಮಾನ್ಯತೆ ಪಡೆದ ಸಂಸ್ಥೆ. ಅವರು ಪಾಲಿಸುವ ‘ಐಎಸ್ 1’ ಎಂಬ ಮಾನಕದಲ್ಲಿ ಕೇಸರಿ, ಬಿಳಿ, ಹಸಿರುಗಳನ್ನು ಹೆಸರಿನಿಂದ ಹೇಳಿ ಬಿಟ್ಟಿಲ್ಲ. ಅದೇ 1931ರ ಲೆಕ್ಕದ ಅಂಕಿಗಳಲ್ಲಿ ಬರೆದಿದ್ದಾರೆ. ಖಾದಿ ನೂಲುವ, ಬಣ್ಣ ಹಾಕುವ, ಹೊಲಿಯುವ ಸಾಮಾನ್ಯ ಹೆಣ್ಣುಮಕ್ಕಳ ಕೈಯಲ್ಲಿ ಆ ಅಂಕಿ ಬಾವುಟವಾಗುತ್ತದೆ. ಇತ್ತ ಕನ್ನಡ ಬಾವುಟವನ್ನು ನೋಡಿ. ಕನ್ನಡ ಹೋರಾಟಗಾರ ಮ. ರಾಮಮೂರ್ತಿ ಅವರು 1960ರ ದಶಕದಲ್ಲಿ ಕೊಟ್ಟ ಅರಿಶಿನ-ಕುಂಕುಮ ನವೆಂಬರ್ 1ರಂದು ಒಂದೇ ಬೀದಿಯಲ್ಲಿ ನಿಂಬೆಹಣ್ಣಿನಿಂದ ಮಾವಿನಹಣ್ಣಿನವರೆಗೆ ಎಲ್ಲ ಹಳದಿಯಲ್ಲೂ ಹಾರುತ್ತದೆ. ಬಟ್ಟೆಯ ಬಾವುಟವಾದರೂ ಪರವಾಗಿಲ್ಲ, ಫ್ಲೆಕ್ಸಿನಲ್ಲಿ ಅದು ಯಾವನೋ ಆಪರೇಟರ್‌ನ ಮಾನಿಟರ್‌ನ ಹಳದಿ. ರಾಜ್ಯ ಸರ್ಕಾರ ಈ ಎರಡು ಬಣ್ಣಕ್ಕೆ ನಾಲ್ಕು ಅಂಕಿ ಗೊತ್ತುಮಾಡಿ ಮುದ್ರಕರಿಗೆ ಕೊಟ್ಟರೆ ಖರ್ಚೇನೂ ಆಗದು.

‘ಈಗ ಎಲ್ಲರೂ ಫೋನಲ್ಲೇ ನೋಡುತ್ತಾರೆ, ಒಬ್ಬೊಬ್ಬರ ಫೋನಲ್ಲಿ ಒಂದೊಂದು ಬಣ್ಣ, ಮಾನಿಟರ್ ಸರಿಮಾಡಿ ಏನು ಬಂತು?’ ಎಂಬ ವಾದ ಬಲವಾಗಿಯೇ ಇದೆ. ಕೋಲಾರದ ಎಪಿಎಂಸಿಯಲ್ಲಿ ಟೊಮೆಟೊ ಬಾಕ್ಸಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ದೂರದ ವ್ಯಾಪಾರಿಗೆ ಹೋಗುವಾಗ ದೋರೆಗಾಯಿ ಕೂಡ ಕೆಂಪು ಹಣ್ಣಾಗಿ ಹೊಳೆಯುವುದು ಯಾರಿಗೆ ಗೊತ್ತಿಲ್ಲ? ಆದರೆ ಗಡಿಯಾರಗಳೆಲ್ಲ ಹಿಂದೆ ಮುಂದೆ ಓಡುತ್ತವೆಂದು ರೈಲ್ವೆ ಸ್ಟೇಷನ್ನಿನ ಗಡಿಯಾರವನ್ನೂ ಬಿಟ್ಟುಬಿಡುವುದುಂಟೇ? ನೋಡುವವರ ಪರದೆಗಳು ಕೆಲವು ನೀಲಿಗೆ, ಕೆಲವು ಹಳದಿಗೆ ವಾಲುತ್ತವೆ. ಮೂಲ ನಡುವಿನಲ್ಲಿದ್ದರೆ ಎಲ್ಲರಿಗೂ ಸ್ವಲ್ಪ ಸ್ವಲ್ಪ ತಪ್ಪು, ಮೂಲವೇ ವಾಲಿದ್ದರೆ ಕೆಲವರಿಗೆ ಎರಡು ಪಾಲು ತಪ್ಪು. ರೈಲಿನ ಮಾತು ಬಂದದ್ದಕ್ಕೆ ಇದನ್ನೂ ಹೇಳಬೇಕು: ಬಂಗಾರಪೇಟೆ ಜಂಕ್ಷನ್ ಹಾದುಹೋಗುವ ಪ್ರತಿ ಲೋಕೊ ಪೈಲಟ್ ಬಣ್ಣ ಗುರುತಿಸುವ ಪರೀಕ್ಷೆ ಪಾಸಾಗಿರಬೇಕು. ಕೆಂಪು-ಹಸಿರು ಬಣ್ಣಗುರುಡು ಗಂಡಸರಲ್ಲೇ ಹೆಚ್ಚು. ದಿನವಿಡೀ ಬಣ್ಣ ತಿದ್ದುವ ಹುಡುಗರು ಒಮ್ಮೆಯಾದರೂ ಆ ಪರೀಕ್ಷೆ ಮಾಡಿಸಿಕೊಂಡಿದ್ದಾರೆಯೇ ಎಂದು ಯಾರೂ ಕೇಳಿದಂತಿಲ್ಲ.

ಯಂತ್ರವಿಲ್ಲದೆಯೂ ಮುಕ್ಕಾಲು ಪಾಲು ಕೆಲಸವಾಗುತ್ತದೆ. ವಿವಿಡ್, ಗೇಮ್ ಮೋಡ್‌ಗಳನ್ನು ಬಿಟ್ಟು ‘ಎಸ್‌ಆರ್‌ಜಿಬಿ’ ಮೋಡ್ ಇದ್ದರೆ ಅದಕ್ಕೆ ಹಾಕಬೇಕು. ರಾತ್ರಿ ಹಳದಿಯಾಗುವ ನೈಟ್ ಲೈಟ್ ಆಫ್ ಮಾಡಬೇಕು. ಬೆಳಕನ್ನು ಪಕ್ಕದಲ್ಲಿಟ್ಟ ಬಿಳಿ ಹಾಳೆಯ ಮಟ್ಟಕ್ಕೆ ಇಳಿಸಬೇಕು. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಕಣ್ಣಳತೆಯಲ್ಲಿ ಹೊಂದಿಸುವ ಪುಕ್ಕಟೆ ಸಾಧನ ಇದ್ದೇ ಇದೆ. ಗಿಳಿಹಸಿರು ಗೋಡೆಗೆ ಬೂದುಬಣ್ಣ ಬಳಿಯಲು ಒಂದು ಭಾನುವಾರ ಸಾಕು. ಇವಕ್ಕಿಂತ ಮುಖ್ಯವಾದದ್ದು ಮಾದರಿ ಪ್ರಿಂಟ್. ಮೈಬಣ್ಣ, ರೇಷ್ಮೆ, ಬಿಳಿ ಪಂಚೆ, ಕಪ್ಪು ಕೋಟು, ನಾಲ್ಕು ಮೆಟ್ಟಿಲ ಬೂದು ಇರುವ ಒಂದು ಫೈಲನ್ನು ತಿದ್ದದೆ ಲ್ಯಾಬಿಗೆ ಕಳಿಸಿ ಪ್ರಿಂಟ್ ತರಿಸಿ ಮಾನಿಟರ್ ಪಕ್ಕ ಅಂಟಿಸಿಕೊಂಡರೆ ಅದೇ ಒರೆಗಲ್ಲಿನ ಗೆರೆ.

ಉಳಿದ ಕಾಲು ಪಾಲಿಗೆ ಯಂತ್ರ ಬೇಕೇ ಬೇಕು. ಅದರ ಬೆಲೆ ಒಂದು ಸಾಧಾರಣ ಸ್ಮಾರ್ಟ್‌ಫೋನ್‌ನಷ್ಟು. ಒಂದು ಸ್ಟುಡಿಯೊ ಅದನ್ನು ತಿಂಗಳಿಗೊಂದು ಸಲ, ಹತ್ತು ನಿಮಿಷ ಬಳಸುತ್ತದೆ. ಹಾಗಿದ್ದಮೇಲೆ ಪ್ರತಿಯೊಬ್ಬರೂ ಕೊಳ್ಳುವುದೇಕೆ? ತಾಲ್ಲೂಕಿಗೊಂದು ಛಾಯಾಗ್ರಾಹಕರ ಸಂಘವಿದೆ. ಆಗಸ್ಟ್ 19ರಂದು ವಿಶ್ವ ಛಾಯಾಗ್ರಹಣ ದಿನಕ್ಕೆ ಹಾರ, ಶಾಲು, ಮೈಕ್‌ಸೆಟ್ಟಿಗೆ ಖರ್ಚಾಗುವ ದುಡ್ಡಿನಲ್ಲಿ ಒಂದು ಯಂತ್ರ ಬರುತ್ತದೆ. ಬೇತಮಂಗಲ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳ ನಡುವೆ ಅದು ಬೈಕಿನಲ್ಲೇ ತಿರುಗಲಿ. ಜೊತೆಗೆ ಬರುವ ಸಾಫ್ಟ್‌ವೇರ್ ಒಂದೆರಡು ಕಂಪ್ಯೂಟರ್‌ಗೆ ಸೀಮಿತವಾದರೆ ಆರ್ಗಿಲ್ ಮತ್ತು ಡಿಸ್‌ಪ್ಲೇಕ್ಯಾಲ್ ಎಂಬ ಮುಕ್ತ ತಂತ್ರಾಂಶಗಳಿವೆ, ಕಾಸು ಬೇಡ. ಡಿಟಿಪಿ ಕಲಿಸುವ ಕೇಂದ್ರಗಳು ನುಡಿ ಟೈಪಿಂಗ್, ಫೋಟೊಶಾಪ್, ಕೋರಲ್‌ಡ್ರಾ ಎಂದು ಮೂರು ತಿಂಗಳು ಕಲಿಸುತ್ತವೆ. ಅದರಲ್ಲಿ ಒಂದು ಮಧ್ಯಾಹ್ನವನ್ನು ಇದಕ್ಕೆ ಕೊಡಬೇಕು. ಸರ್ಕಾರಿ ಪ್ರಮಾಣಪತ್ರ ಕೊಡುವ ಕೋರ್ಸುಗಳಲ್ಲಂತೂ ಇದು ಕಡ್ಡಾಯವಾಗಬೇಕು.

ಇಷ್ಟಾದರೂ ಅಗ್ಗದ ಮಾನಿಟರ್ ದುಬಾರಿಯದಾಗುವುದಿಲ್ಲ. ಪಕ್ಕಕ್ಕೆ ವಾಲಿ ನೋಡಿದರೆ ಬಣ್ಣ ಬದಲಾಗುವ ಪರದೆಗಳು ಹಾಗೆಯೇ ಇರುತ್ತವೆ. ಜರಿಯ ಮಿನುಗನ್ನು ಯಾವ ಪರದೆಯೂ, ಯಾವ ಹಾಳೆಯೂ ಪೂರ್ತಿ ಹಿಡಿಯಲಾರದು, ಏಕೆಂದರೆ ಅದು ಬಣ್ಣವಲ್ಲ, ತಲೆ ಅಲುಗಾಡಿಸಿದಾಗ ಓಡುವ ಬೆಳಕು. ವರ್ಷಗಳು ಕಳೆದಂತೆ ಹಿಂಬದಿಯ ಎಲ್‌ಇಡಿ ಹಳತಾಗಿ ಪರದೆ ಮತ್ತೆ ದಾರಿ ತಪ್ಪುತ್ತದೆ. ಅದಕ್ಕೇ ತಿಂಗಳಿಗೊಮ್ಮೆ ಅಳೆಯಬೇಕಾದದ್ದು.

ಗಿರಾಕಿಗಳ ಕೈಯಲ್ಲೂ ಒಂದು ಅಸ್ತ್ರವಿದೆ. ಮುಂದಿನ ಮದುವೆಯ ಆಲ್ಬಂ ಡಿಸೈನ್ ನೋಡಲು ಸ್ಟುಡಿಯೊಗೆ ಹೋಗುವಾಗ ಆ ಸೀರೆಯ ಬ್ಲೌಸ್ ಪೀಸಿನಲ್ಲಿ ಉಳಿದ ಒಂದು ತುಂಡನ್ನು ಪರ್ಸಿನಲ್ಲಿಟ್ಟುಕೊಂಡು ಹೋಗಿ. ಮಾನಿಟರ್ ಪಕ್ಕ ಹಿಡಿದು, ‘ಇದನ್ನು ಕೊನೆಯ ಸಲ ಅಳತೆ ಮಾಡಿಸಿದ್ದು ಯಾವಾಗ?’ ಎಂದು ಕೇಳಿ.